ಲೀಸ್ ಮುಗಿದು ಇಪ್ಪತ್ತು ವರ್ಷ ಆದ್ರೂ ಪಹಣಿಯಲ್ಲಿ ಕಂಪನಿ ಹೆಸರು ಹಾಗೇ ಉಳಿದ್ರೆ ರೈತ ಏನ್ಮಾಡ್ಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸ್ವಲ್ಪ ಉದ್ದ ಪತ್ರ, ದಯವಿಟ್ಟು ಪೂರ್ತಿ ಹಾಕಿ. ನಾನು ಅಂಕೋಲಾ ತಾಲೂಕಿನವ. ಹನ್ನೊಂದು ವರ್ಷದಿಂದ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡ್ತಿದೀನಿ, ಕೊರೊನಾ ಟೈಮಲ್ಲಿ ಊರಿಗೆ ಬಂದವ ಇಲ್ಲೇ ಉಳಿದುಬಿಟ್ಟೆ. ಏನು ಕೆಲಸ ಅಂತ ಊರಲ್ಲಿ ಕೇಳಿದ್ರೆ ಹೇಳೋದು ಕಷ್ಟ ಆಗ್ತಿತ್ತು, ಇಲ್ಲಿ ಹೇಳ್ತೀನಿ. ಅಮೆರಿಕದ ಟೆಕ್ಸಾಸ್, ಒಕ್ಲಹೋಮಾ ರಾಜ್ಯಗಳಲ್ಲಿ ಎಣ್ಣೆ ಮತ್ತು ಗ್ಯಾಸ್ ತೆಗಿಯೋ ಜಮೀನು ಇರ್ತಾವಲ್ಲ, ಅದರ ಹಳೇ ಕಾಗದಪತ್ರ ಎಲ್ಲಾ ಸ್ಕ್ಯಾನ್ ಆಗಿ ಕಂಪ್ಯೂಟರಲ್ಲಿ ಸಿಗ್ತಾವೆ, ಅದನ್ನ ಹುಡುಕಿ, ಓದಿ, ಯಾರಿಂದ ಯಾರಿಗೆ ಯಾವಾಗ ಹೋಯ್ತು, ಮಧ್ಯೆ ಎಲ್ಲಿ ಕೊಂಡಿ ತಪ್ಪಿದೆ ಅಂತ ಸಾಲಾಗಿ ಬರೆದು ಕೊಡೋದು. ದಿನಾ ಎಂಟು ಗಂಟೆ ಬೇರೆಯವರ ಜಮೀನಿನ ಕಾಗದ ಓದೋದು. ಆದ್ರೆ ನಮ್ಮ ಮನೆಯ ಹನ್ನೆರಡು ಗುಂಟೆ ಕಾಗದ ಸರಿ ಇಲ್ದೆ ಅಪ್ಪ ನಾಲ್ಕು ವರ್ಷ ಅಲೆದದ್ದನ್ನ ಕಣ್ಣಾರೆ ಕಂಡಿದೀನಿ, ಅದಕ್ಕೇ ಈ ಪತ್ರ.

ನಡೆದದ್ದು ಹೀಗೆ. 1982ರಲ್ಲಿ ಅಜ್ಜ ಹೈವೇ ಪಕ್ಕದ ಹನ್ನೆರಡು ಗುಂಟೆ ಜಾಗವನ್ನ ಒಂದು ತೈಲ ಕಂಪನಿಗೆ ಪೆಟ್ರೋಲ್ ಬಂಕಿಗೆ ಅಂತ ಇಪ್ಪತ್ತು ವರ್ಷಕ್ಕೆ ಲೀಸ್ ಕೊಟ್ಟಿದ್ರು. ಆಗ ಅದು ಎನ್‌ಎಚ್ 17, ಈಗ 66 ಅಂತೀವಿ. ಲೀಸ್ ರಿಜಿಸ್ಟರ್ ಆಗಿತ್ತು, ಪಹಣಿಯ 11ನೇ ಕಾಲಂ ಅಂದ್ರೆ ಇತರೆ ಹಕ್ಕುಗಳು ಮತ್ತು ಋಣಗಳು ಅಂತ ಇರ್ತದಲ್ಲ, ಅಲ್ಲಿ ಕಂಪನಿ ಹೆಸರು ಬಂತು, ಅಲ್ಲಿವರೆಗೆ ಎಲ್ಲಾ ಸರಿ. ಲೀಸ್ ಮುಗೀತು, ಕಂಪನಿಯವರು ರಿನ್ಯೂ ಮಾಡ್ಲಿಲ್ಲ, 2003ರಲ್ಲಿ ಟ್ಯಾಂಕ್ ಅಗೆದು ತಗೊಂಡು ಹೋದ್ರು, ಗುಂಡಿ ಮುಚ್ಚಿದ್ರು, ಕೀಲಿ ಅಪ್ಪನ ಕೈಗೆ ಕೊಟ್ರು. ಬಿಟ್ಟುಕೊಟ್ಟಿದೀವಿ ಅಂತ ಒಂದು ಪತ್ರ ಬರೆದು ರಿಜಿಸ್ಟರ್ ಮಾಡಿಸ್ಬೇಕು ಅಂತ ಅವ್ರೂ ಹೇಳ್ಲಿಲ್ಲ, ನಮಗೂ ಹೊಳೀಲಿಲ್ಲ. ಜಾಗ ನಮ್ಮದು, ಅವ್ರು ಹೋದ್ರು, ಮುಗೀತು ಅಂತ ಅಪ್ಪ ಅಲ್ಲಿ ನಾಲ್ಕು ತೆಂಗು ನೆಟ್ರು.

ಹೈವೇ ನಾಲ್ಕು ಪಥ ಮಾಡೋಕೆ ಜಾಗ ತಗೊಂಡಾಗ ನಮ್ಮ ನಾಲ್ಕು ಗುಂಟೆ ಚಿಲ್ಲರೆ ಹೋಯ್ತು. ಪರಿಹಾರದ ಫೈಲ್ ನಮ್ಮ ಹೆಸರಿಗೇ ಬಂತು, ಆದ್ರೆ 11ನೇ ಕಾಲಂ ನೋಡಿದ ಅಧಿಕಾರಿ, ಇಲ್ಲಿ ಕಂಪನಿ ಹಕ್ಕು ಇದೆ, ಅವರಿಂದ ನಿರಾಕ್ಷೇಪಣಾ ಪತ್ರ ತನ್ನಿ ಅಂದ್ರು. ಅವರು ಹೇಳಿದ್ದು ತಪ್ಪಲ್ಲ, ದಾಖಲೆಯಲ್ಲಿ ಇದ್ದದ್ದನ್ನ ಅವರು ಬಿಡೋಕಾಗಲ್ಲ. ಕಂಪನಿ ಆಫೀಸಿಗೆ ಹೋದ್ರೆ ನಮ್ಮ ಫೈಲಲ್ಲಿ ಇರೋದು ಸರ್ವೇ ನಂಬರ್ 118 ಹಿಸ್ಸಾ 2, ನೀವು ತಂದಿರೋದು 118 ಹಿಸ್ಸಾ 2ಬ, ಇದು ಅದೇ ಜಾಗ ಅಂತ ನಮಗೆ ಹ್ಯಾಂಗೆ ಗೊತ್ತಾಗ್ಬೇಕು ಅಂದ್ರು. 1994ರಲ್ಲಿ ಮನೆ ಪಾಲಾದಾಗ ಪೋಡಿ ಆಗಿ, ಅಂದ್ರೆ ಜಾಗ ಅಳೆದು ತುಂಡು ಮಾಡಿ, ಹಿಸ್ಸಾ ಅಂದ್ರೆ ಸರ್ವೇ ನಂಬರಿನ ಒಳಭಾಗದ ನಂಬರ್ ಬದಲಾಗಿತ್ತು. ಅದೇ ಜಾಗ ಅಂತ ತೋರಿಸೋಕೆ ಲೀಸ್ ಪತ್ರದಲ್ಲಿ ನಕಾಶೆ ಇರಬೇಕಿತ್ತಲ್ಲ ಅಂತ ನಾನು ಟ್ರಂಕು ತೆಗೆದೆ.

ಆ ಪತ್ರ ಈಗ ನನ್ನ ಮುಂದೇ ಇದೆ. ಐದು ಹಾಳೆ, ಇಂಗ್ಲಿಷಲ್ಲಿ ಟೈಪ್ ಮಾಡಿದ್ದು, ಕೊನೇ ಹಾಳೆಯಲ್ಲಿ ಅಜ್ಜನ ನಡುಗೋ ಕನ್ನಡ ಸಹಿ. ಜಾಗದ ವಿವರ ಬರೆಯೋ ಕಡೆ ಟೈಪಲ್ಲಿ ಖಾಲಿ ಬಿಟ್ಟು ಆಮೇಲೆ ಪೆನ್ನಲ್ಲಿ 12 ಗುಂಟೆ ಅಂತ ತುಂಬಿದಾರೆ, ಆ 2ರ ಅಡಿಯಲ್ಲಿ ಬೇರೆ ಏನೋ ಅಂಕಿ ಇತ್ತು, ಅದರ ಮೇಲೇ ತಿದ್ದಿದಾರೆ, ಪಕ್ಕದಲ್ಲಿ ಯಾರ ಚಿಕ್ಕ ಸಹಿಯೂ ಇಲ್ಲ. ಚಕ್ಕುಬಂದಿ, ಅಂದ್ರೆ ನಾಲ್ಕೂ ದಿಕ್ಕಿನ ಗಡಿ, ಬರೆದದ್ದು ಹೀಗಿದೆ: ಪೂರ್ವಕ್ಕೆ ಹೈವೇ, ಪಶ್ಚಿಮಕ್ಕೆ ಬರೆದುಕೊಟ್ಟವರದೇ ಉಳಿದ ಜಾಗ, ಉತ್ತರಕ್ಕೆ ಹುಣಸೆ ಮರ, ದಕ್ಷಿಣಕ್ಕೆ ಗಾಡಿ ರಸ್ತೆ. ಹುಣಸೆ ಮರ ಹೈವೇ ಕೆಲಸಕ್ಕಿಂತ ಮೊದ್ಲೇ ಒಂದು ಮಳೆಗಾಲದಲ್ಲಿ ಬಿದ್ದುಹೋಗಿತ್ತು. ಗಾಡಿ ರಸ್ತೆ ಇದ್ದ ಜಾಗದಲ್ಲಿ ಈಗ ಪಕ್ಕದ ಮನೆಯವರ ಕಂಪೌಂಡ್. ಕೊನೆಗೆ ಒಂದು ಸಾಲು, ಲಗತ್ತಿಸಿದ ನಕಾಶೆಯಲ್ಲಿ ಕೆಂಪು ಬಣ್ಣದಲ್ಲಿ ತೋರಿಸಿದಂತೆ ಅಂತ. ನಕಾಶೆ ಇಲ್ಲ. ನಮ್ಮ ಪ್ರತಿಯಲ್ಲೂ ಇಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಗೊಂಡ ನಕಲಲ್ಲೂ ಇಲ್ಲ. ಕೆಂಪು ಬಣ್ಣ ಹಚ್ಚಿದ ಆ ಹಾಳೆ ಯಾರ ಮೇಜಿನ ಮೇಲೆ ಉಳೀತೋ ದೇವರಿಗೇ ಗೊತ್ತು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಅದೇ ವಾರ ಟೆಕ್ಸಾಸಿನ ಒಂದು ಗ್ಯಾಸ್ ಲೀಸಲ್ಲಿ ಜಾಗದ ವಿವರ ಬರೆದ ಕೊನೇ ಹಾಳೆ ಸ್ಕ್ಯಾನಲ್ಲಿ ಇಲ್ಲ ಅಂತ ನಾನೇ ರಿಪೋರ್ಟ್ ಬರೆದಿದ್ದೆ. ಏಳು ಸಮುದ್ರದ ಆಚೆ ಅವರದ್ದೂ ಅದೇ ತಪ್ಪು, ನಮ್ಮದೂ ಅದೇ ತಪ್ಪು.

ಅಲ್ಲಿನ ಪದ್ಧತಿ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಅದರಿಂದ ಕಲಿಯೋದು ಇದೆ. ನಮ್ಮಲ್ಲಿ ನೆಲದ ಅಡಿಯ ಎಣ್ಣೆ, ಗ್ಯಾಸ್ ಸರ್ಕಾರದ ಹಿಡಿತದಲ್ಲಿ, 1948ರ ತೈಲಕ್ಷೇತ್ರಗಳ ಕಾಯ್ದೆ ಪ್ರಕಾರ ಅದರ ಲೀಸ್ ಎಲ್ಲಾ ಸರ್ಕಾರದ ಮೂಲಕವೇ. ಅಮೆರಿಕದಲ್ಲಿ ಖಾಸಗಿ ಜಮೀನಾದ್ರೆ ಅಡಿಯ ಎಣ್ಣೆಯೂ ಸಾಮಾನ್ಯ ಜಮೀನಿನವನದ್ದೇ, ಮೇಲಿನ ನೆಲ ಒಬ್ಬನಿಗೆ ಮಾರಿ ಅಡಿಯ ಹಕ್ಕು ತಾನೇ ಇಟ್ಕೊಳ್ಳಬಹುದು, ಅರ್ಧ ಇಟ್ಕೊಂಡು ಅರ್ಧ ಕೊಡಬಹುದು, ಮಕ್ಕಳಿಗೆ ಎಂಟು ಪಾಲು ಮಾಡಬಹುದು. ಟೆಕ್ಸಾಸಲ್ಲಿ 1901ರಲ್ಲಿ ಸ್ಪಿಂಡಲ್‌ಟಾಪ್ ಅನ್ನೋ ಕಡೆ ಎಣ್ಣೆ ಚಿಮ್ಮಿದ ಮೇಲೆ ಈ ಪಾಲು ಶುರುವಾದದ್ದು ಇನ್ನೂ ಮುಗಿದಿಲ್ಲ. ಹಾಗಾಗಿ ಒಂದೇ ಜಮೀನಿಗೆ ನೂರಾರು ಕಾಗದ. ಪ್ರತಿ ಕೌಂಟಿಯಲ್ಲಿ, ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಟೆಕ್ಸಾಸಲ್ಲಿ ಅಂಥವು 254 ಇವೆ, ಒಬ್ಬ ಕೌಂಟಿ ಕ್ಲರ್ಕ್ ಇರ್ತಾರೆ. ಜಮೀನು ಯಾವ ಕೌಂಟಿಯಲ್ಲಿ ಇದೆಯೋ ಅಲ್ಲೇ ದಾಖಲು ಮಾಡ್ಬೇಕು, ಎರಡು ಕೌಂಟಿಗೆ ಹರಡಿದ್ರೆ ಎರಡರಲ್ಲೂ. ನೋಟರಿ ಮುಂದೆ ಒಪ್ಕೊಂಡು ಸಹಿ ಹಾಕಿದ ಪತ್ರ ಕೊಟ್ರೆ ಕ್ಲರ್ಕ್ ಅದಕ್ಕೆ ದಿನ, ಗಂಟೆ, ನಿಮಿಷದ ಸೀಲ್ ಹಾಕಿ ನಂಬರ್ ಕೊಡ್ತಾರೆ. ಆ ಗಂಟೆಗೆ ಬೆಲೆ ಇದೆ. ಮೊದಲು ತಗೊಂಡವ ದಾಖಲು ಮಾಡದೆ ಪತ್ರವನ್ನ ಮನೆಯಲ್ಲಿ ಇಟ್ಕೊಂಡು ಕೂತ್ರೆ, ಅದರ ಸುಳಿವೇ ಇಲ್ದೆ ದುಡ್ಡು ಕೊಟ್ಟು ತಗೊಂಡ ಎರಡನೆಯವನ ಎದುರು ಮೊದಲನೆಯವನ ಪತ್ರ ನಿಲ್ಲೋದಿಲ್ಲ.

ಇನ್ನೊಂದು ವಿಷಯ ಹೆಸರು. ಟೆಕ್ಸಾಸಲ್ಲಿ ಕ್ಲರ್ಕ್ ಇಡೋ ಇಂಡೆಕ್ಸ್ ಮುಖ್ಯವಾಗಿ ಕೊಟ್ಟವರ ಹೆಸರು, ತಗೊಂಡವರ ಹೆಸರಿನ ಮೇಲೆ, ಜಮೀನಿನ ಮೇಲೆ ಹುಡುಕೋದು ಕಷ್ಟ. ಒಕ್ಲಹೋಮಾದಲ್ಲಿ ಜಮೀನಿನ ಪ್ರಕಾರವೂ ಇಂಡೆಕ್ಸ್ ಇದೆ, ಅಲ್ಲಿ ನೆಲವನ್ನ ಸೆಕ್ಷನ್ ಅನ್ನೋ ಚೌಕಗಳಾಗಿ ಅಳೆದಿದಾರೆ, ಒಂದು ಸೆಕ್ಷನ್ ಅಂದ್ರೆ 640 ಎಕರೆ, 36 ಸೆಕ್ಷನ್ ಸೇರಿ ಒಂದು ಟೌನ್‌ಶಿಪ್, ಹಾಗಾಗಿ ಅಲ್ಲಿ ಹುಡುಕೋದು ಸುಲಭ. ಟೆಕ್ಸಾಸಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ರೆ ಆ ಕಾಗದ ಇದ್ದೂ ಇಲ್ಲದ ಹಾಗೆ. ಒಂದು ಸಲ ಒಬ್ಬ ವಿಧವೆಯ ಪತ್ರಕ್ಕೆ ನಾನು ಆರು ದಿನ ಹುಡುಕಿದೀನಿ, ಕೊನೆಗೆ ಅವಳ ಮೊದಲನೇ ಗಂಡನ ಮನೆ ಹೆಸರಲ್ಲಿ ಸಿಕ್ತು. ಅದಕ್ಕೇ ಅಲ್ಲಿ ಸಹಿಯ ಅಡಿಯಲ್ಲಿ ಹೆಸರನ್ನ ಸ್ಪಷ್ಟವಾಗಿ ಟೈಪ್ ಮಾಡ್ಬೇಕು ಅಥವಾ ಬಿಡಿಸಿ ಬರೀಬೇಕು ಅಂತ ನಿಯಮ ಇದೆ. ಹಿಂದೆ ಬೇರೆ ಹೆಸರಿತ್ತು ಅಂದ್ರೆ, ಹಿಂದೆ ಇಂಥ ಹೆಸರಿನಿಂದ ಗುರುತಿಸಿಕೊಂಡಿದ್ದ ಅಂತ ಪತ್ರದಲ್ಲೇ ಬರೆಯೋದು ಒಳ್ಳೇ ಪದ್ಧತಿ.

ಈಗ ನಮ್ಮ ಕಡೆ ಯೋಚಿಸಿ. ಅಂಕೋಲಾ, ಕುಮಟಾ ಕಡೆ ನಾಯಕ ಬೇರೆ, ನಾಯ್ಕ ಬೇರೆ, ಇಲ್ಲಿಯವರಿಗೆ ಇದು ಹೇಳ್ಬೇಕಾಗಿಲ್ಲ. ಆದ್ರೆ ಇಂಗ್ಲಿಷಿಗೆ ಹೋಗಿ ವಾಪಸ್ ಕನ್ನಡಕ್ಕೆ ಬರೋವಾಗ ನಾಯಕ ಹೋಗಿ ನಾಯ್ಕ ಆಗ್ತದೆ, ನಾಯ್ಕ ಹೋಗಿ ನಾಯಿಕ್ ಆಗ್ತದೆ, ಹೆಗಡೆ ಹೆಗ್ಡೆ ಆಗ್ತದೆ, ಗೌಡರ ಹಿಂದೆ ಇದ್ದ ಅಜ್ಜನ ಹೆಸರು ಬಿಟ್ಟುಹೋಗ್ತದೆ. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರ್ತಾರೆ, ತಂದೆ ಹೆಸರೂ ಒಂದೇ ಇರೋದುಂಟು. ಆಧಾರಲ್ಲಿ ಒಂದು, ಪಹಣಿಯಲ್ಲಿ ಒಂದು, ಪತ್ರದಲ್ಲಿ ಒಂದು. ದೊಡ್ಡ ಕಂಪನಿಯವರ ಲೀಸ್ ಬಂದಾಗಲಂತೂ ಅವರ ವಕೀಲರು ಇಂಗ್ಲಿಷಲ್ಲಿ ಬರೆದದ್ದಕ್ಕೆ ನಮ್ಮವರು ಸಹಿ ಹಾಕಿ ಬಂದುಬಿಡ್ತಾರೆ. ಪತ್ರದಲ್ಲಿ ಹೆಸರು ಬರೆಯೋವಾಗ ಪಹಣಿಯಲ್ಲಿ ಇದ್ದ ಹಾಗೆ ಕನ್ನಡದಲ್ಲಿ ಒಮ್ಮೆ, ಆಧಾರಲ್ಲಿ ಇದ್ದ ಹಾಗೆ ಒಮ್ಮೆ, ಎರಡೂ ಒಬ್ಬರೇ ಅಂತ ಒಂದು ಸಾಲು, ಇಷ್ಟು ಬರೆಸೋಕೆ ಖರ್ಚಿಲ್ಲ.

ನಮ್ಮ ಕಾನೂನು ಕೆಟ್ಟದ್ದು ಅಂತ ಯಾರೂ ತಿಳ್ಕೊಬಾರ್ದು. 1908ರ ನೋಂದಣಿ ಕಾಯ್ದೆ ತೆಗೆದು ಓದಿದ್ರೆ ನನಗೇ ಆಶ್ಚರ್ಯ ಆಯ್ತು, ಎಲ್ಲಾ ಬರೆದಿಟ್ಟಿದಾರೆ. 20ನೇ ಸೆಕ್ಷನ್, ಪತ್ರದಲ್ಲಿ ಸಾಲಿನ ಮಧ್ಯೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು, ತಿದ್ದಿದ್ದು ಇದ್ರೆ ಬರೆದುಕೊಟ್ಟವರು ಅದಕ್ಕೆ ಸಹಿ ಹಾಕಿ ದೃಢಪಡಿಸ್ಬೇಕು, ಇಲ್ದಿದ್ರೆ ಅಧಿಕಾರಿ ಪತ್ರವನ್ನ ತಿರಸ್ಕರಿಸಬಹುದು ಅಂತದೆ. 21ನೇ ಸೆಕ್ಷನ್, ಜಾಗವನ್ನ ಗುರುತಿಸೋಕೆ ಸಾಕಾಗುವಷ್ಟು ವಿವರ ಇರ್ಬೇಕು, ನಕಾಶೆ ಇದೆ ಅಂತ ಬರೆದ್ರೆ ನಕಾಶೆಯ ಪ್ರತಿ ಜೊತೆಗೆ ಬರ್ಲೇಬೇಕು ಅಂತದೆ. 23ನೇ ಸೆಕ್ಷನ್ ಪ್ರಕಾರ ಸಹಿ ಆದ ನಾಲ್ಕು ತಿಂಗಳೊಳಗೆ ಪತ್ರ ಹಾಜರುಪಡಿಸ್ಬೇಕು. ಸ್ಥಿರಾಸ್ತಿಯ ಪತ್ರಗಳಿಗೆ 1ನೇ ಪುಸ್ತಕ, ಹೆಸರಿನ ಇಂಡೆಕ್ಸ್ ಬೇರೆ, ಜಾಗದ ಇಂಡೆಕ್ಸ್ ಬೇರೆ, ಎರಡೂ ನಮ್ಮಲ್ಲಿ ಇವೆ. ಈ ವಿಷಯದಲ್ಲಿ ನಾವು ಟೆಕ್ಸಾಸಿಗಿಂತ ಮುಂದೇ ಇದೀವಿ. 1982ರಲ್ಲೂ ಇದೇ ಕಾನೂನು ಇತ್ತು. ಅಜ್ಜನ ಪತ್ರದ ಮೇಲೆ ತಿದ್ದಿದ ಆ 2ನ್ನ ಯಾರಾದ್ರೂ ಒಬ್ಬರು ನಿಲ್ಲಿಸಿ ನೋಡಿದ್ರೆ, ನಕಾಶೆ ಎಲ್ಲಿ ಅಂತ ಒಬ್ಬರು ಕೇಳಿದ್ರೆ, ಅಪ್ಪನ ನಾಲ್ಕು ವರ್ಷ ಉಳೀತಿತ್ತು.

ತಪ್ಪು ಎಲ್ಲಿ ಆಗ್ತದೆ ಅಂತ ನಾನು ಈ ಹನ್ನೊಂದು ವರ್ಷದಲ್ಲಿ ಕಂಡದ್ದು ಹೇಳ್ತೀನಿ. ಶುರುವಾಗೋದನ್ನ ಎಲ್ಲರೂ ದಾಖಲು ಮಾಡ್ತಾರೆ, ಮುಗಿಯೋದನ್ನ ಯಾರೂ ಮಾಡಲ್ಲ. ಟೆಕ್ಸಾಸಲ್ಲಿ ಎಣ್ಣೆ ಲೀಸ್ ಸಾಮಾನ್ಯವಾಗಿ ಮೂರು ವರ್ಷವೋ ಐದು ವರ್ಷವೋ ಅಂತ ಇರ್ತದೆ, ಅಷ್ಟರಲ್ಲಿ ಬಾವಿ ಕೊರೆದು ಎಣ್ಣೆ ಬಂದ್ರೆ ಎಣ್ಣೆ ಬರುವಷ್ಟು ಕಾಲ ಮುಂದುವರೀತದೆ. ಬರ್ಲಿಲ್ಲ ಅಂದ್ರೆ ಲೀಸ್ ತಾನಾಗೇ ಸಾಯ್ತದೆ, ಆದ್ರೆ ಸತ್ತಿದೆ ಅಂತ ಪುಸ್ತಕದಲ್ಲಿ ಬರೋದಿಲ್ಲ. ಒಳ್ಳೇ ಕಂಪನಿ ಆದ್ರೆ ಬಿಡುಗಡೆ ಪತ್ರ ಬರೆದು ದಾಖಲು ಮಾಡ್ತದೆ, ಅದರಲ್ಲಿ ಮೂಲ ಲೀಸಿನ ಪುಸ್ತಕದ ನಂಬರು, ಪುಟದ ನಂಬರು ಹಾಕ್ತದೆ. ಮಾಡದ ಕಂಪನಿಗಳೂ ಬೇಕಾದಷ್ಟು, ಅಲ್ಲಿ ಊರಿನ ಹಳಬರಿಂದ ಇಲ್ಲಿ ಇಷ್ಟು ವರ್ಷದಿಂದ ಎಣ್ಣೆ ತೆಗೆದಿಲ್ಲ ಅಂತ ಪ್ರಮಾಣಪತ್ರ ಮಾಡಿಸಿ ದಾಖಲು ಮಾಡೋ ತನಕ ಮುಂದಿನ ವ್ಯವಹಾರ ನಿಂತೇ ಇರ್ತದೆ.

ನಮ್ಮಲ್ಲಿ ಇದು ಇನ್ನೂ ಹೆಚ್ಚು. ಮಾರಾಟವೋ ಲೀಸೋ ರಿಜಿಸ್ಟರ್ ಆದ್ರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಜೆ ಫಾರಂ ಅಂತ ಒಂದು ತಿಳುವಳಿಕೆ ಚೀಟಿ ತಾಲೂಕಾ ಕಚೇರಿಗೆ ಹೋಗ್ತದೆ, ಮ್ಯುಟೇಶನ್ ಅಂದ್ರೆ ಪಹಣಿಯ ದಾಖಲೆ ಬದಲಾಯಿಸೋ ಕೆಲಸ ಶುರುವಾಗ್ತದೆ, ನಮ್ಮ ಹಳಬರು ಫೇರಫಾರ ಅಂತಿದ್ರಲ್ಲ ಅದು. ಆದ್ರೆ ಅವಧಿ ಮುಗಿದು ಲೀಸ್ ನಿಂತ್ರೆ ಹೊಸ ಪತ್ರವೇ ಹುಟ್ಟೋದಿಲ್ಲ, ಪತ್ರ ಇಲ್ಲ ಅಂದ್ರೆ ಜೆ ಫಾರಂ ಇಲ್ಲ, ಜೆ ಫಾರಂ ಇಲ್ಲ ಅಂದ್ರೆ 11ನೇ ಕಾಲಂ ಹಾಗೇ. ಇನ್ನೊಬ್ಬರು ಬಂದು ಹೇಳೋ ತನಕ ಕಂಪ್ಯೂಟರಿಗೆ ಹ್ಯಾಂಗೆ ಗೊತ್ತಾಗ್ಬೇಕು? ಅದೂ ಅಲ್ದೆ ಬಂಕ್ ಜಾಗದ ಹಳೇ ಲೀಸಲ್ಲಿ ಮತ್ತೊಂದು ತೊಡಕಿದೆ. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ ಶೆಲ್, 1977ರಲ್ಲಿ ಕಾಲ್ಟೆಕ್ಸ್ ಇವನ್ನ ಸರ್ಕಾರ ಕಾಯ್ದೆ ಮಾಡಿ ತಗೊಂಡಿತು, ಆ ಕಂಪನಿಗಳ ಹೆಸರಲ್ಲಿದ್ದ ಲೀಸ್ ಎಲ್ಲಾ ಕಾಯ್ದೆಯ ಬಲದಿಂದಲೇ ಹೊಸ ಕೈಗೆ ಹೋಯ್ತು, ಒಂದೊಂದು ಜಾಗಕ್ಕೆ ಬೇರೆ ಪತ್ರ ಆಗ್ಲಿಲ್ಲ. ಅದೇ ಷರತ್ತಲ್ಲಿ ರಿನ್ಯೂ ಮಾಡ್ಕೊಳ್ಳೋ ಹಕ್ಕನ್ನೂ ಕಾಯ್ದೆ ಕೊಟ್ಟಿತ್ತು, ಅದರ ಮೇಲೆ ಜಾಗದವರು ಸುಪ್ರೀಂ ಕೋರ್ಟ್ ತನಕ ಹೋಗಿದಾರೆ. ಅಷ್ಟು ಹಳೇ ಬಂಕ್ ಜಾಗ ಯಾರ ಹತ್ರ ಇದೆಯೋ ಅವರು ಒಮ್ಮೆ ಪಹಣಿ ತೆಗೆದು ನೋಡಿ, ಯಾವ ಹೆಸರು ಕೂತಿದೆ ಅಂತ.

ಇದೆಲ್ಲಾ ಹಳೇ ಕತೆ ಅಂತ ಬಿಡಬಹುದಿತ್ತು. ಬಿಡೋಕಾಗದೇ ಇರೋದು ಯಾಕಂದ್ರೆ ಗ್ಯಾಸ್ ಪೈಪ್‌ಲೈನ್. ದಾಭೋಲದಿಂದ ಬೆಂಗಳೂರಿಗೆ ಹೋಗೋ ಲೈನ್ 2013ರಲ್ಲಿ ಬೆಳಗಾವಿ, ಧಾರವಾಡ ಕಡೆಯಿಂದ ಹಾದುಹೋಯ್ತು. ಕೊಚ್ಚಿ–ಮಂಗಳೂರು ಲೈನ್, 450 ಕಿಲೋಮೀಟರ್, 2021ರ ಜನವರಿ 5ಕ್ಕೆ ಉದ್ಘಾಟನೆ ಆಯ್ತು. ಮೇಲಿಂದ ಒಂದು, ಕೆಳಗಿಂದ ಒಂದು, ನಡುವೆ ನಾವು. ಇವತ್ತಲ್ಲ ನಾಳೆ ನಮ್ಮ ತೋಟದ ಅಡಿಯಲ್ಲೂ ಪೈಪ್ ಬರ್ತದೆ ಅಂತ ತಿಳ್ಕೊಂಡೇ ನಾವು ತಯಾರಿರ್ಬೇಕು, ನಾನು ಪೈಪಿಗೆ ವಿರೋಧ ಅಲ್ಲ, ಕಾಗದ ಸರಿ ಇರ್ಲಿ ಅಂತಷ್ಟೇ.

ಪೈಪ್‌ಲೈನಿಗೆ ಇರೋದು 1962ರ ಕಾಯ್ದೆ. ಇದರಲ್ಲಿ ಜಮೀನು ನಮ್ಮ ಹೆಸರಲ್ಲೇ ಉಳೀತದೆ, ಅಡಿಯಲ್ಲಿ ಪೈಪ್ ಹಾಕೋ ಬಳಕೆ ಹಕ್ಕು ಮಾತ್ರ ಹೋಗ್ತದೆ. ಮೊದ್ಲು ಸರ್ಕಾರ 3ನೇ ಸೆಕ್ಷನ್ ಅಡಿಯಲ್ಲಿ ಗೆಜೆಟಲ್ಲಿ ಅಧಿಸೂಚನೆ ಹೊರಡಿಸ್ತದೆ, 21 ದಿನದೊಳಗೆ ತಕರಾರು ಕೊಡಬಹುದು, ಆಮೇಲೆ 6ನೇ ಸೆಕ್ಷನ್ ಘೋಷಣೆ. ಪೈಪ್ ಹಾಕಿದ ಮೇಲೆ ಆ ಪಟ್ಟಿಯಲ್ಲಿ ಬೆಳೆ ಮಾಡಬಹುದು, ಆದ್ರೆ ಮನೆ ಕಟ್ಟೋ ಹಾಗಿಲ್ಲ, ಬಾವಿ ಕೆರೆ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ. ಬೇಸಾಯದ ಬಯಲು ಸೀಮೆಯಲ್ಲಿ ಇದು ಅಷ್ಟು ಕಾಣಲ್ಲ, ನಮ್ಮಲ್ಲಿ ಇರೋದೇ ತೆಂಗು, ಅಡಿಕೆ, ಮಾವು, ಗೇರು, ಮನೆಗೊಂದು ಬಾವಿ, ಎರಡು ಎಕರೆ ಇದ್ದವನೇ ದೊಡ್ಡವ. ಬಳಕೆ ಹಕ್ಕಿಗೆ ಅಧಿಸೂಚನೆ ದಿನದ ಮಾರುಕಟ್ಟೆ ಬೆಲೆಯ ಶೇಕಡಾ 10 ಕೊಡ್ತಾರೆ, ಬೆಳೆ ಮರದ ನಷ್ಟ ಬೇರೆ, ಒಪ್ಪಿಗೆ ಆಗದಿದ್ರೆ ಜಿಲ್ಲಾ ನ್ಯಾಯಾಧೀಶರ ಹತ್ರ ಹೋಗಬಹುದು.

ಈಗ ನೋಡಿ, ಈ ಹಕ್ಕು ಹುಟ್ಟೋದು ಗೆಜೆಟಿಂದ. ರೈತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಯಾವ ಪತ್ರವನ್ನೂ ಬರೆದುಕೊಡೋದಿಲ್ಲ. ಇಸಿಯಲ್ಲಿ, ಅಂದ್ರೆ ಜಾಗದ ಮೇಲೆ ಏನೇನು ವ್ಯವಹಾರ ಆಗಿದೆ ಅಂತ ತೋರಿಸೋ ಋಣಭಾರ ಪ್ರಮಾಣಪತ್ರದಲ್ಲಿ, ಬರೋದು ರಿಜಿಸ್ಟರ್ ಆದ ಪತ್ರ ಮಾತ್ರ. ಹತ್ತು ವರ್ಷ ಆದ್ಮೇಲೆ ಮುಂಬೈಯಿಂದ ಊರಿಗೆ ಬಂದ ಒಬ್ಬ ಹುಡುಗ ಕೂಡಿಟ್ಟ ದುಡ್ಡಲ್ಲಿ ಮನೆ ಕಟ್ಟೋಕೆ ಅಂತ ಜಾಗ ನೋಡ್ತಾನೆ, ಇಸಿ ತೆಗೀತಾನೆ, ಶುದ್ಧ ಇದೆ, ತಗೊಳ್ತಾನೆ, ಪಾಯ ತೆಗೆಯೋಕೆ ಹೋದಾಗ ಪೈಪಿನ ಗುರುತಿನ ಹಳದಿ ಕಲ್ಲು ನೋಡಿ ಯಾರೋ ಹೇಳ್ತಾರೆ ಇಲ್ಲಿ ಕಟ್ಟೋ ಹಾಗಿಲ್ಲ ಅಂತ. ಮಾರಿದವರು ಹೇಳ್ಬೇಕಿತ್ತು ಹೌದು, ಆದ್ರೆ ಮಾರಿದವ್ರು ಮೂರನೇ ಕೈ ಆಗಿದ್ರೆ ಅವರಿಗೇ ಗೊತ್ತಿರಲ್ಲ. ಹಾಗಾಗಿ ಪಹಣಿಯ 11ನೇ ಕಾಲಂನಲ್ಲಿ ಗೆಜೆಟ್ ತಾರೀಖು, ಎಷ್ಟು ವಿಸ್ತೀರ್ಣಕ್ಕೆ, ಯಾವ ದಿಕ್ಕಿನಲ್ಲಿ, ಇಷ್ಟು ಬರ್ಲೇಬೇಕು. ನಮ್ಮ ಬಂಕ್ ಜಾಗದಲ್ಲಿ ಬೇಡದ ಹೆಸರು ಉಳಿದು ಕಷ್ಟ ಆಯ್ತು, ಇಲ್ಲಿ ಬೇಕಾದ ಹೆಸರು ಬರದೆ ಕಷ್ಟ ಆಗ್ತದೆ.

ವಿಸ್ತೀರ್ಣದ್ದೂ ಒಂದು ಮಾತು. ಇಂಥ ಅಧಿಸೂಚನೆಯಲ್ಲಿ ಹೆಕ್ಟೇರ್, ಆರ್ ಅಂತ ಬರ್ತದೆ, ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ, ಆಣೆ. ಒಂದು ಗುಂಟೆ ಅಂದ್ರೆ ಸುಮಾರು 101 ಚದರ ಮೀಟರ್, ಒಂದು ಆರ್ ಅಂದ್ರೆ 100. ಹತ್ರ ಹತ್ರ ಇರೋದ್ರಿಂದಲೇ ಜನ ಎರಡೂ ಒಂದೇ ಅಂತ ತಿಳ್ಕೊಳ್ತಾರೆ, ಆದ್ರೆ ಆಣೆಯ ಲೆಕ್ಕ ಹದಿನಾರರದ್ದು, ದಶಾಂಶದ್ದಲ್ಲ, 4 ಗುಂಟೆ 8 ಆಣೆ ಅಂದ್ರೆ ನಾಲ್ಕೂವರೆ, 4.8 ಅಲ್ಲ. ಈ ತಪ್ಪನ್ನ ನಮ್ಮ ಪರಿಹಾರದ ಫೈಲಲ್ಲೇ ಕಂಡಿದೀನಿ, ಅಪ್ಪ ಕೈಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದ ಮೇಲೆ ಸರಿ ಮಾಡಿದ್ರು. ಟೆಕ್ಸಾಸಲ್ಲೂ ಹಳೇ ಪತ್ರದಲ್ಲಿ ವಾರಾ ಅಂತ ಸ್ಪೇನಿನವರ ಕಾಲದ ಅಳತೆ ಬರ್ತದೆ, 33 ಇಂಚು ಮತ್ತು ಒಂದು ಇಂಚಿನ ಮೂರನೇ ಒಂದು ಭಾಗ, ಅದನ್ನ ಅಡಿಗೆ ತಿರುಗಿಸೋವಾಗ ಎಡವಿದ್ರೆ ಗಡಿಯೇ ಜರುಗ್ತದೆ. ಎರಡು ಅಳತೆಯನ್ನೂ ಪಕ್ಕಪಕ್ಕ ಬರೆದ್ರೆ ಒಂದು ತಪ್ಪಿದ್ರೆ ಇನ್ನೊಂದು ಹಿಡೀತದೆ.

ನಮ್ಮ ಜನರಿಗೆ ನಾನು ಕೈಮುಗಿದು ಕೇಳೋದು, ಬಂಕಿಗೆ ಕೊಡಿ, ಟವರಿಗೆ ಕೊಡಿ, ಪೈಪಿಗೆ ಕೊಡಿ, ಸಹಿ ಹಾಕೋ ಮೊದ್ಲು ಅವತ್ತಿನ ಪಹಣಿ ಕೈಯಲ್ಲಿ ಇಟ್ಕೊಂಡು ಪತ್ರದ ಸರ್ವೇ ನಂಬರನ್ನ ಗಟ್ಟಿಯಾಗಿ ಓದಿಸಿ, ಮನೆಯ ಒಬ್ಬರು ಪಹಣಿ ನೋಡ್ತಾ ಇರ್ಲಿ, ಒಬ್ಬರು ಪತ್ರ ಓದ್ಲಿ. ಚಕ್ಕುಬಂದಿಗೆ ಮರ, ಗಟಾರ, ಗಾಡಿ ರಸ್ತೆ ಬರೆಸಬೇಡಿ, ಬರೆಸಿದ್ರೂ ಅದರ ಜೊತೆ ಆಚೆ ಜಾಗದ ಸರ್ವೇ ನಂಬರ್ ಹಾಕ್ಸಿ. ಜಾಗದ ಒಂದು ತುಂಡು ಮಾತ್ರ ಕೊಡೋದಾದ್ರೆ ಸರ್ವೇಯರ ಸ್ಕೆಚ್ ಪತ್ರಕ್ಕೆ ಹೊಲಿದು ಅದರ ಮೇಲೂ ಇಬ್ಬರ ಸಹಿ ಇರ್ಲಿ, ಒಟ್ಟು 6 ಪುಟದಲ್ಲಿ ಇದು 6ನೇ ಪುಟ ಅನ್ನೋ ಹಾಗೆ ಬರೆದಿರ್ಲಿ. ಹಿಂದಿನ ಪತ್ರ ಯಾವುದರಿಂದ ಈ ಜಾಗ ನಿಮಗೆ ಬಂತೋ ಅದರ ನಂಬರು, ವರ್ಷ ಒಳಗೇ ಬರೆಸಿ, ಒಂದು ಪತ್ರ ಸಿಕ್ಕಿದ್ರೆ ಅದರ ಹಿಂದಿಂದು ತಾನೇ ಸಿಗ್ತದೆ. ರಿಜಿಸ್ಟರ್ ಆದ್ಮೇಲೆ ಸ್ಕ್ಯಾನ್ ಪ್ರತಿಯ ಒಂದೊಂದು ಪುಟ ತಿರುಗಿಸಿ ನೋಡಿ, ಒಂದು ತಿಂಗಳು ಬಿಟ್ಟು ನಿಮ್ಮದೇ ಜಾಗದ ಇಸಿ ತೆಗೆದು ನಿಮ್ಮ ಪತ್ರ ಅದರಲ್ಲಿ ಕಾಣ್ತದಾ ನೋಡಿ. 2004ರ ಈಚಿಂದು ಆನ್‌ಲೈನಲ್ಲೇ ಸಿಗ್ತದೆ, ಹಿಂದಿಂದಕ್ಕೆ ಕಚೇರಿಗೇ ಹೋಗಿ ಪುಸ್ತಕ ತೆಗೆಸ್ಬೇಕು. ತಪ್ಪು ಕಂಡ್ರೆ ಬರೆದುಕೊಟ್ಟವರು ಬದುಕಿರೋವಾಗಲೇ ತಿದ್ದುಪಡಿ ಪತ್ರ ಮಾಡಿಸಿಬಿಡಿ, ಆಮೇಲೆ ವಾರಸುದಾರರು ಹನ್ನೆರಡು ಜನ ಆಗ್ತಾರೆ, ಒಬ್ಬರು ದುಬೈ, ಒಬ್ಬರು ಪುಣೆ.

ಇನ್ನೊಂದು ಚಿಕ್ಕ ವಿಷಯ ಅನಿಸಬಹುದು, ಚಿಕ್ಕದಲ್ಲ. ಈ ಪತ್ರಗಳು ಎಲ್ಲರೂ ನೋಡೋ ದಾಖಲೆ. ಟೆಕ್ಸಾಸಲ್ಲಿ ಖಾಸಗಿ ವ್ಯಕ್ತಿ ಬರೆದುಕೊಡೋ ಜಮೀನಿನ ಪತ್ರದ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಬರೆದಿರ್ತದೆ, ನಿಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರನ್ನ, ಡ್ರೈವಿಂಗ್ ಲೈಸೆನ್ಸ್ ನಂಬರನ್ನ ದಾಖಲು ಮಾಡೋ ಮೊದ್ಲು ಹೊಡೆದುಹಾಕಬಹುದು ಅಂತ. ನಮ್ಮ ಪತ್ರಗಳಲ್ಲಿ ಆಧಾರ್ ನಂಬರು, ಪಾನ್ ನಂಬರು, ಮೊಬೈಲ್, ಹೆಬ್ಬೆಟ್ಟು ಎಲ್ಲಾ ಒಂದೇ ಪುಟದಲ್ಲಿ ಇಟ್ಟು ಯಾರ್ಯಾರಿಗೋ ಜೆರಾಕ್ಸ್ ಕೊಡ್ತೀವಿ. ಪತ್ರ ಬರೆಯೋರು ಆಧಾರಿನ ಕೊನೇ ನಾಲ್ಕು ಅಂಕಿ ಮಾತ್ರ ಹಾಕಿದ್ರೆ ಯಾರ ಗಂಟು ಹೋಗ್ತದೆ?

ಅಪ್ಪ 2019ರಲ್ಲಿ ತೀರಿಕೊಂಡ್ರು. ಕೊನೇ ವರ್ಷ ಮೊಣಕಾಲು ನೋವಿದ್ರೂ ಬೆಳಿಗ್ಗೆ ಮೊದಲ ಬಸ್ಸಿಗೆ ಕಾರವಾರಕ್ಕೆ, ಹುಬ್ಬಳ್ಳಿಗೆ, ಒಂದು ಸಲ ಮಂಗಳೂರಿಗೆ, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಅದೇ ಕಾಗದ. ಕಚೇರಿಯಲ್ಲಿ ಯಾರೂ ಅವರಿಗೆ ಕೆಟ್ಟ ಮಾತು ಆಡ್ಲಿಲ್ಲ, ಯಾರೂ ದುಡ್ಡು ಕೇಳ್ಲಿಲ್ಲ, ಅದನ್ನೂ ಹೇಳ್ಬೇಕು. ಎಲ್ಲರೂ ತಮ್ಮ ಎದುರಿಗಿದ್ದ ಕಾಗದ ನೋಡಿ ಮಾತಾಡಿದ್ರು, ಕಾಗದವೇ ಸರಿ ಇರ್ಲಿಲ್ಲ. ಕೊನೆಗೆ 1994ರ ಪೋಡಿ ನಕಾಶೆಯ ನಕಲು ಸಿಕ್ತು, ಅದರಲ್ಲಿ 2 ಒಡೆದು 2ಅ, 2ಬ ಆದದ್ದು ಗೆರೆಯಲ್ಲಿ ಕಾಣ್ತಿತ್ತು, ಅದನ್ನ ಹಿಡ್ಕೊಂಡು ಅಕ್ಕ ಮತ್ತೆ ಕಂಪನಿಗೆ ಹೋದ್ಲು, ಅಲ್ಲಿನ ಒಬ್ಬ ಹಳೇ ನೌಕರರು ಅವರೇ ಕೂತು ಹುಡುಕಿ ನಿರಾಕ್ಷೇಪಣಾ ಪತ್ರ ಕೊಡಿಸಿದ್ರು. ದುಡ್ಡು ಬಂದದ್ದು 2021ರಲ್ಲಿ.

ನಮ್ಮ ಜಿಲ್ಲೆ ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟಿದೆ, ಕೈಗಾ ಅಣುಸ್ಥಾವರಕ್ಕೆ ಕೊಟ್ಟಿದೆ, ಕೊಂಕಣ ರೈಲ್ವೆಗೆ ಕೊಟ್ಟಿದೆ, ಹೈವೇಗೆ ಎರಡೆರಡು ಸಲ ಕೊಟ್ಟಿದೆ. ಪರಿಹಾರಕ್ಕೆ ಅಲೆದ ಮನೆ ಇಲ್ಲಿ ಹುಡುಕ್ಬೇಕಾಗಿಲ್ಲ. ಹಾಗಾಗಿ ನಿಮ್ಮ ಪತ್ರಿಕೆ ಮೂಲಕ ಕಾರವಾರದ ಜಿಲ್ಲಾಡಳಿತಕ್ಕೆ ಮೂರು ಬೇಡಿಕೆ ಇಡ್ತೀನಿ. ಅವಧಿ ಮುಗಿದ ಕಂಪನಿ ಲೀಸ್ ಯಾವ ಯಾವ ಪಹಣಿಯ 11ನೇ ಕಾಲಂನಲ್ಲಿ ಉಳಿದಿದೆ ಅಂತ ತಾಲೂಕುವಾರು ಪಟ್ಟಿ ಮಾಡ್ಲಿ, ಕಂಪನಿಗಳಿಗೆ ನೋಟಿಸ್ ಕೊಟ್ಟು ಅವರ ಖರ್ಚಲ್ಲೇ ಬಿಟ್ಟುಕೊಟ್ಟ ಪತ್ರ ರಿಜಿಸ್ಟರ್ ಮಾಡಿಸ್ಲಿ. ಮುಂದೆ ಪೈಪ್‌ಲೈನ್ ಅಧಿಸೂಚನೆ ಯಾವುದೇ ಬಂದ್ರೂ ಕನ್ನಡದ ಪ್ರತಿ, ಹಿಸ್ಸಾ ನಂಬರ್ ಸಮೇತ, ಆಯಾ ಪಂಚಾಯ್ತಿ ಬೋರ್ಡಿಗೆ ಮೊದಲನೇ ದಿನವೇ ಬರ್ಲಿ, ಇರೋದೇ 21 ದಿನ, ಗೆಜೆಟ್ ಯಾರ ಮನೆಗೂ ಬರೋದಿಲ್ಲ. ಮತ್ತೆ ಪೋಡಿ ಆದಾಗ ಹಳೇ ಹಿಸ್ಸಾ ಯಾವ ಹೊಸ ಹಿಸ್ಸಾ ಆಯ್ತು ಅನ್ನೋದು ಪಹಣಿಯ ಮೇಲೇ ಒಂದು ಸಾಲಲ್ಲಿ ಅಚ್ಚಾಗಿ ಬರ್ಲಿ. ನಮ್ಮ ಪಹಣಿಯಲ್ಲಿ ಆ ಕಂಪನಿ ಹೆಸರು ತೆಗೆಯೋಕೆ ಕೊಟ್ಟ ಅರ್ಜಿ ಇನ್ನೂ ತಾಲೂಕಾ ಕಚೇರಿಯಲ್ಲೇ ಇದೆ, ಉಳಿದ ಏಳು ಗುಂಟೆ ಚಿಲ್ಲರೆಗೆ ಬೇಕಲ್ಲ, ನಾಡಿದ್ದು ಸೋಮವಾರ ಮತ್ತೆ ಹೋಗೋನಿದೀನಿ.

ಇಂತಿ ನಿಮ್ಮ ನಂಬುಗೆಯ,
ಅಂಕೋಲಾ ತಾಲೂಕಿನ ಒಬ್ಬ ಓದುಗ